ಸುದ್ದಿ ಮೊದಲು ತಲುಪಲಿ

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆ ಕಾಫಿ ತೋಟದ ಕೆಲಸಕ್ಕೆ ಹೊರಡುವವರು ಬೆಳಗ್ಗೆ ಎದ್ದ ಕೂಡಲೇ ವಿಚಾರಿಸಿಕೊಳ್ಳುವ ಸಂಗತಿ ಒಂದಿದೆ: ಆನೆ ಇವತ್ತು ಯಾವ ಕಡೆ ಇದೆ? ಕಾರ್ಮಿಕರ ಲೈನ್ ಮನೆಗಳ ಸಾಲಿನಲ್ಲಿ ಯಾರಾದರೊಬ್ಬರ ಮೊಬೈಲಿಗೆ ಸಂದೇಶ ಬಂದಿರುತ್ತದೆ. ಗುಂಪು ರಾತ್ರಿ ಇಂಥ ತೋಟದಲ್ಲಿತ್ತು, ಜೊತೆಗೆ ಮರಿ ಇದೆ, ಇಂಥ ರಸ್ತೆಯಲ್ಲಿ ಓಡಾಡುವವರು ಎಚ್ಚರ. ಓದಿದವರು ಪಕ್ಕದ ಮನೆಗೆ ಕೂಗಿ ಹೇಳುತ್ತಾರೆ. ತೋಟದ ರೈಟರು ಆಳುಗಳನ್ನು ಬೇರೆ ಕಡೆಯ ಕೆಲಸಕ್ಕೆ ಹಚ್ಚುತ್ತಾರೆ. ಶಾಲೆಯ ಮಕ್ಕಳು ಸ್ವಲ್ಪ ತಡವಾಗಿ, ದೊಡ್ಡವರೊಬ್ಬರ ಜೊತೆಯಲ್ಲಿ ಹೊರಡುತ್ತಾರೆ. ಆ ದಿನ ಅಲ್ಲಿ ಏನೂ ನಡೆಯುವುದಿಲ್ಲ. ಪತ್ರಿಕೆಯಲ್ಲಿ ಒಂದು ಸಾಲೂ ಬರುವುದಿಲ್ಲ. ಹೀಗೆ ಏನೂ ನಡೆಯದ ದಿನಗಳನ್ನು ಸಾಧಿಸುವುದು ಹೇಗೆ ಎಂಬುದರ ಬಗ್ಗೆಯೇ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಕಾಡುಪ್ರಾಣಿ ಎದುರಾಗುವುದು ಎಂದಾಗ ನಮ್ಮಲ್ಲಿ ಬಹಳ ಜನರಿಗೆ ಸಫಾರಿ ಜೀಪು, ಕ್ಯಾಮೆರಾ ನೆನಪಾಗುತ್ತವೆ. ಆದರೆ ಪ್ರಾಣಿಗಳಿಗೆ ಹೆಚ್ಚಾಗಿ ಎದುರಾಗುವವರು ಬೇರೆಯವರು. ರಾತ್ರಿ ತ್ರೀಫೇಸ್ ಕರೆಂಟು ಬಂತೆಂದು ಗದ್ದೆಗೆ ನೀರು ಹಾಯಿಸಲು ಹೋಗುವ ರೈತ, ಸೌದೆಗೆ ಹೊರಟ ಹೆಂಗಸು, ದನ ಹೊಡೆದುಕೊಂಡು ಹೋದ ಹುಡುಗ, ಕೊನೆಯ ಬಸ್ಸಿಳಿದು ಮಬ್ಬುಗತ್ತಲಲ್ಲಿ ಮನೆ ಕಡೆ ನಡೆಯುವ ಕೂಲಿಯವರು, ಮುಂಜಾನೆ ಬಯಲಿಗೆ ಹೋಗಬೇಕಾದ ಮುದುಕ. ಇವರ್ಯಾರೂ ಪ್ರಾಣಿಯನ್ನು ಹುಡುಕಿಕೊಂಡು ಹೋದವರಲ್ಲ. ಪ್ರಾಣಿಯೂ ಇವರನ್ನು ಹುಡುಕಿಕೊಂಡು ಬಂದಿರುವುದಿಲ್ಲ. ಇಬ್ಬರದೂ ಒಂದೇ ದಾರಿ, ಒಂದೇ ಹೊತ್ತು. ತಿರುವಿನಲ್ಲಿ ಥಟ್ಟನೆ ಎದುರುಬದುರಾದಾಗ ಇಬ್ಬರಿಗೂ ಜೀವ ಬಾಯಿಗೆ ಬರುತ್ತದೆ. ಆ ಒಂದು ಕ್ಷಣದ ಗಾಬರಿಯಲ್ಲೇ ಅನಾಹುತಗಳು ಹುಟ್ಟುತ್ತವೆ.

ಇದು ನಾನು ಊಹಿಸಿ ಹೇಳುವ ಮಾತಲ್ಲ. ತಮಿಳುನಾಡಿನ ಆನೈಮಲೈ ಬೆಟ್ಟಗಳ ಮೇಲೆ ವಾಲ್ಪಾರೈ ಎಂಬ ಊರಿದೆ. ಸುತ್ತ ಚಹಾ ತೋಟಗಳು, ನಡುನಡುವೆ ಉಳಿದ ಕಾಡಿನ ತುಂಡುಗಳು. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಆನೆಗಳು ತೋಟಗಳನ್ನೇ ದಾಟಬೇಕು. ಅದೇ ತೋಟಗಳಲ್ಲಿ ಸಾವಿರಾರು ಕಾರ್ಮಿಕರ ಸಂಸಾರಗಳಿವೆ. ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಸಂಶೋಧಕರು ಅಲ್ಲಿ ಆನೆಯಿಂದ ಸತ್ತವರ ಒಂದೊಂದು ಪ್ರಕರಣವನ್ನೂ ಕೂಲಂಕಷವಾಗಿ ವಿಚಾರಿಸಿದರು. ಎಲ್ಲಿ ನಡೆಯಿತು, ಯಾವ ಹೊತ್ತಿನಲ್ಲಿ, ಆಗ ಆ ಮನುಷ್ಯ ಏನು ಮಾಡುತ್ತಿದ್ದ? ಸತ್ತವರಲ್ಲಿ ಹೆಚ್ಚಿನವರಿಗೆ ಹತ್ತಿರದಲ್ಲಿ ಆನೆ ಇದೆಯೆಂಬುದೇ ಗೊತ್ತಿರಲಿಲ್ಲ ಎಂಬುದು ಇದರಿಂದ ಹೊರಬಂತು. ಗೊತ್ತಿದ್ದರೆ ಅವರು ಅರ್ಧ ಗಂಟೆ ಕಾಯುತ್ತಿದ್ದರು, ಇಲ್ಲವೇ ಬೇರೆ ದಾರಿ ಹಿಡಿಯುತ್ತಿದ್ದರು.

ಹಾಗಾದರೆ ಗೊತ್ತುಮಾಡುವುದೇ ಪರಿಹಾರ ಎಂದು ಅವರು ಕೆಲಸಕ್ಕಿಳಿದರು. ಸಂಜೆ ಹೊತ್ತು ಊರಿನ ಕೇಬಲ್ ಟಿವಿಯಲ್ಲಿ, ಪರದೆಯ ಕೆಳಗೆ ಓಡುವ ಅಕ್ಷರಗಳಲ್ಲಿ, ಆನೆ ಇರುವ ಜಾಗದ ಹೆಸರು ಬರತೊಡಗಿತು. ಆಮೇಲೆ ಮೊಬೈಲಿಗೆ ಸಂದೇಶಗಳು ಹೋಗತೊಡಗಿದವು. ಮುಖ್ಯವಾದ ಕೂಡುದಾರಿಗಳಲ್ಲಿ, ಎತ್ತರದ ಕಂಬಗಳ ಮೇಲೆ ಕೆಂಪು ದೀಪಗಳನ್ನು ನಿಲ್ಲಿಸಿದರು. ಸಮೀಪದಲ್ಲಿ ಆನೆ ಬಂದಿದ್ದರೆ ಊರಿನವರೇ ಮೊಬೈಲಿನಿಂದ ಆ ದೀಪ ಹೊತ್ತಿಸುತ್ತಾರೆ. ಬಸ್ಸಿಳಿದವರು ದೂರದಿಂದಲೇ ಕೆಂಪು ಬೆಳಕು ನೋಡಿ ಅಲ್ಲೇ ನಿಲ್ಲುತ್ತಾರೆ. ಬೇಲಿ ಕಟ್ಟಿದ್ದಿಲ್ಲ, ಕಂದಕ ತೋಡಿದ್ದಿಲ್ಲ, ಒಂದು ಆನೆಯನ್ನೂ ಹಿಡಿದು ಸಾಗಿಸಿದ್ದಿಲ್ಲ. ಸುದ್ದಿಯನ್ನು ಆನೆಗಿಂತ ಮೊದಲು ತಲುಪಿಸಿದರು, ಸಾವುಗಳು ಕಡಿಮೆಯಾದವು. ಈ ಕೆಲಸವನ್ನು ಮುನ್ನಡೆಸಿದ ಆನಂದಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ಹಾಸನ ಜಿಲ್ಲೆಯಲ್ಲಿ ಇಂದು ಮೊಬೈಲಿಗೆ ಬರುವ ಸಂದೇಶಗಳ ಹಿಂದೆಯೂ ಇದೇ ವಿಚಾರವಿದೆ.

ಕರ್ನಾಟಕಕ್ಕೆ ಇದು ಸಣ್ಣ ವಿಷಯವಲ್ಲ. 2023ರ ಗಣತಿಯ ಅಂದಾಜಿನಂತೆ ನಮ್ಮ ರಾಜ್ಯದಲ್ಲಿ 6,395 ಆನೆಗಳಿವೆ. ಅವು ಅಷ್ಟೂ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗದೊಳಗೇ ಇರುತ್ತವೆಂದು ತಿಳಿಯುವುದು ತಪ್ಪು. ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿದೆ, ಕೆರೆಯಿದೆ, ಹಲಸಿದೆ, ಬೈನೆ ಮರವಿದೆ. ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಆನೆಗಳೂ ಇವೆ. ತೋಟದ ಮನುಷ್ಯ ಮತ್ತು ತೋಟದ ಆನೆ ಒಬ್ಬರ ಹೆಜ್ಜೆಯನ್ನು ಒಬ್ಬರು ತಿಳಿದುಕೊಂಡೇ ಬಾಳಬೇಕಾಗಿದೆ.

ಆನೆ ಅಷ್ಟು ದೊಡ್ಡ ಪ್ರಾಣಿ, ಬಂದರೆ ಗೊತ್ತಾಗದೇ ಇರುತ್ತದೆಯೇ ಎಂದು ಪಟ್ಟಣದವರು ಕೇಳುವುದುಂಟು. ಗೊತ್ತಾಗುವುದಿಲ್ಲ. ಅದರ ಅಂಗಾಲು ಮೆತ್ತಗಿರುತ್ತದೆ. ಕಾಫಿ ಗಿಡಗಳ ನಡುವೆ ಇಪ್ಪತ್ತು ಮಾರು ದೂರದಲ್ಲಿ ಸಲಗ ನಿಂತಿದ್ದರೂ ಎಲೆ ಅಲುಗಾಡದೇ ಇರಬಹುದು. ಆದರೆ ಅದು ಬಿಟ್ಟುಹೋದ ಗುರುತುಗಳನ್ನು ಓದಲು ಬರುತ್ತದೆ. ಲದ್ದಿಯ ಮೇಲೆ ಇನ್ನೂ ಹಸಿ ಹೊಳಪಿದ್ದರೆ, ಕೈ ಹತ್ತಿರ ಹಿಡಿದರೆ ಬೆಚ್ಚಗಿದ್ದರೆ ಆನೆ ದೂರ ಹೋಗಿಲ್ಲ. ಮುರಿದ ಕೊಂಬೆಯ ಗಾಯದಲ್ಲಿ ಹಾಲೋ ಅಂಟೋ ಒಸರುತ್ತಿದ್ದರೆ ಹಾಗೆಯೇ. ಎಲ್ಲೋ ಬಿದಿರು ಲಟಲಟ ಮುರಿಯುವ ಸದ್ದು, ಪೊದೆಯೊಳಗಿಂದ ಗುಡುಗಿನಂತೆ ತಗ್ಗಿದ ದನಿ, ಮದ ಬಂದ ಆನೆಯ ಗಾಢ ವಾಸನೆ, ಇವೆಲ್ಲ ಅಲ್ಲಿಂದಲೇ ಹಿಂದಿರುಗಿ ಎನ್ನುವ ಸೂಚನೆಗಳು. ಮಳೆ ಸುರಿಯುವಾಗ, ಹೊಳೆ ಬೋರಿಡುವಾಗ ಯಾವ ಸದ್ದೂ ಕೇಳುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಇಮ್ಮಡಿ ಎಚ್ಚರ ಬೇಕು.

ಆದರೂ ಎದುರಾಯಿತು ಎನ್ನೋಣ. ಹಿಂಡಿನಲ್ಲಿ ಮರಿ ಇದ್ದರೆ ತಾಯಿ, ಮರಿ ನಡುವೆ ಸಿಕ್ಕಿಕೊಳ್ಳಬೇಡಿ. ಆನೆ ನಿಮ್ಮನ್ನು ಇನ್ನೂ ಗಮನಿಸಿಲ್ಲವಾದರೆ ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದೆ ಸರಿಯಿರಿ. ಕಲ್ಲು ಬೀರುವುದು, ಕೂಗಿ ಕೆಣಕುವುದು, ಮೊಬೈಲ್ ಎತ್ತಿ ಹಿಡಿಯುವುದು ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಫೋಟೊ ತೆಗೆಯಲು ಆನೆಯ ಹತ್ತಿರ ಹೋದವರೊಬ್ಬರನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿದ ದೃಶ್ಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವರು ಬದುಕಿ ಉಳಿದದ್ದು ದೊಡ್ಡದು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಅದೇ ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಸಂಚಾರ ನಿಲ್ಲಿಸಿದ್ದಾರೆ. ಪ್ರಾಣಿಗಳು ಹೆಚ್ಚಾಗಿ ಓಡಾಡುವ ಹೊತ್ತನ್ನು ಪ್ರಾಣಿಗಳಿಗೇ ಬಿಟ್ಟುಕೊಡುವುದು ಅದರ ತಿರುಳು. ಹಗಲಿನಲ್ಲಿ ಆ ದಾರಿ ಹಿಡಿಯುವ ನಾವು ಗಾಡಿಯಿಂದ ಕೆಳಗಿಳಿಯದೆ, ಹಾರ್ನ್ ಬಾರಿಸದೆ, ತಿನ್ನಲು ಏನನ್ನೂ ಎಸೆಯದೆ ಹಾದುಹೋದರೆ ಸಾಕು.

ಆನೆಯ ಮಾತಾಯಿತು. ಇನ್ನು ಕರಡಿ. ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಬಂಡೆಗುಡ್ಡಗಳ ಮಗ್ಗುಲಲ್ಲಿ ಬಾಳುವವರಿಗೆ ಹುಲಿಗಿಂತ, ಆನೆಗಿಂತ ಹೆಚ್ಚಿನ ಭಯ ಕರಡಿಯದು. ಹಂಪಿಯ ಸಮೀಪ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿಯೇ ಒಂದು ಧಾಮ ಮಾಡಿದರು. ಅಲ್ಲಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲ, ಜೇನು ಬೆರೆಸಿದ ಪಾಕ ಬಳಿದು ಬರುತ್ತಾರೆ. ಇಳಿಹೊತ್ತಿನಲ್ಲಿ ಕರಡಿಗಳು ಬಂಡೆಯ ಸಂದಿನಿಂದ ಹೊರಗೆ ಬಂದು ಅದನ್ನು ನೆಕ್ಕುತ್ತವೆ. ವೀಕ್ಷಣಾ ಗೋಪುರದಲ್ಲಿ ಕೂತು ನಾನು ಅದನ್ನು ನೋಡಿದ್ದೇನೆ. ತಾಯಿಯ ಬೆನ್ನಿನ ಒರಟು ಕೂದಲನ್ನು ಬಿಗಿಯಾಗಿ ಹಿಡಿದುಕೊಂಡು ಎರಡು ಮರಿಗಳು ಸವಾರಿ ಬಂದವು. ತಾಯಿ ಬಂಡೆಗೆ ಮೂತಿ ಹಚ್ಚಿತೆಂದರೆ ಮುಗಿಯಿತು, ನವಿಲು ಪಕ್ಕದಲ್ಲೇ ಹಾರಿ ಬಂದು ಕೂತರೂ ತಲೆ ಎತ್ತಲಿಲ್ಲ.

ಕರಡಿಯ ಸ್ವಭಾವದ ಗುಟ್ಟು ಅಲ್ಲೇ ಇದೆ. ಅದರ ಮುಖ್ಯ ಆಹಾರ ಗೆದ್ದಲು ಮತ್ತು ಇರುವೆ. ಮೇಲ್ದವಡೆಯ ನಡುವಿನ ಎರಡು ಮುಂಬಲ್ಲುಗಳು ಅದಕ್ಕಿರುವುದಿಲ್ಲ. ಹುತ್ತವನ್ನು ಉದ್ದ ಉಗುರಿನಿಂದ ಕೆದಕಿ, ಮಣ್ಣನ್ನು ಊದಿ ಹಾರಿಸಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಗಳನ್ನು ಮುಂದೆ ಚಾಚಿ ಆ ಸಂದಿನಿಂದ ಗೆದ್ದಲನ್ನು ಒಳಗೆಳೆದುಕೊಳ್ಳುತ್ತದೆ. ಆ ಸದ್ದು ನಮಗೆ ನೂರು ಮೀಟರ್ ದೂರಕ್ಕೂ ಕೇಳುತ್ತದೆ. ಕರಡಿಗೆ ಮಾತ್ರ ಆ ಗದ್ದಲದಲ್ಲಿ ನಮ್ಮ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ. ಕಣ್ಣಂತೂ ಮಂದ. ಸೀತಾಫಲ ಕೀಳಲೋ ಸೌದೆ ಆರಿಸಲೋ ಹೋದವರು ಪೊದೆ ಬಳಸಿ ಏಕಾಏಕಿ ಅದರ ಎದುರಿಗೆ ಬಂದಾಗ ಕರಡಿ ಬೆಚ್ಚಿಬೀಳುತ್ತದೆ. ಬೆಚ್ಚಿದ ಕರಡಿ ಓಡುವುದು ಕಡಿಮೆ. ಹುಲಿ ಇರುವ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಪ್ರಾಣಿ ಅದು. ಓಡಿದರೆ ಉಳಿಗಾಲವಿಲ್ಲ, ಎದುರಿಸಿ ನಿಂತರೆ ಉಳಿಯಬಹುದು ಎಂಬ ಪಾಠ ಅದರ ಮೈಗೆ ಹತ್ತಿದೆ. ಹಾಗಾಗಿಯೇ ಅದು ಎರಡು ಕಾಲಿನ ಮೇಲೆದ್ದು ಮುಖ, ತಲೆಗೇ ಕೈ ಹಾಕುತ್ತದೆ.

ಇದನ್ನು ತಿಳಿದವರು ಕರಡಿ ಗುಡ್ಡದ ಕಡೆ ಒಂಟಿಯಾಗಿ, ಮೌನವಾಗಿ ಹೋಗುವುದಿಲ್ಲ. ಇಬ್ಬರು ಮೂವರಾಗಿ, ಗಟ್ಟಿಯಾಗಿ ಮಾತನಾಡುತ್ತ, ಕೋಲಿನಿಂದ ಕಲ್ಲಿಗೆ ಬಡಿಯುತ್ತ ಹೋಗುತ್ತಾರೆ. ಕೋಲಿಗೆ ಗೆಜ್ಜೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಮುಂಜಾವ ಮತ್ತು ಮುಸ್ಸಂಜೆ ಗುಡ್ಡದ ಬುಡಕ್ಕೆ ಹೋಗದಿರುವುದು ಇನ್ನೂ ಮೇಲು. ದೂರದಲ್ಲಿ ಕಂಡರೆ ನಿಧಾನವಾಗಿ ಹಿಂದಕ್ಕೆ ಸರಿಯಬೇಕು. ಕಾಲಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅದರ ಓಟ ನಮ್ಮದಕ್ಕಿಂತ ಜೋರು. ಮರ ಹತ್ತಿಯೂ ಪ್ರಯೋಜನವಿಲ್ಲ, ಜೇನಿಗಾಗಿ ಮರ ಹತ್ತುವ ಪ್ರಾಣಿ ಅದು. ತೀರಾ ಮೈಮೇಲೆ ಬಿದ್ದೇ ಬಿಟ್ಟಿತು ಎಂದಾಗ ಬೋರಲಾಗಿ ನೆಲಕ್ಕೆ ಮಲಗಿ, ಎರಡೂ ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಂಡು ಅಲುಗಾಡದೆ ಇರುವುದು ಮುಖವನ್ನೂ ಜೀವವನ್ನೂ ಉಳಿಸುವ ದಾರಿ ಎಂದು ಕರಡಿಗಳ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ.

ಚಿರತೆಯ ಸಂಗತಿ ಬೇರೆ. ಅದಕ್ಕೆ ಕಣ್ಣು, ಕಿವಿ ಎರಡೂ ಬಲು ಚುರುಕು. ನಾವು ಅದನ್ನು ನೋಡುವ ಎಷ್ಟೋ ಮೊದಲೇ ಅದು ನಮ್ಮನ್ನು ನೋಡಿ ಸರಿದುಹೋಗಿರುತ್ತದೆ. 2022ರ ಅಂದಾಜಿನಲ್ಲಿ ರಾಜ್ಯದಲ್ಲಿ 1,879 ಚಿರತೆಗಳಿದ್ದವು, ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರದ ನಂತರ ನಮ್ಮದೇ ಮೂರನೆಯ ಸ್ಥಾನ. ಕುರುಚಲು ಗುಡ್ಡ, ಕಲ್ಲುಬಂಡೆ, ಕಬ್ಬಿನ ಗದ್ದೆ ಎಲ್ಲವೂ ಅದಕ್ಕೆ ಮನೆಯೇ. ಊರನಾಯಿ, ಕುರಿ, ಮೇಕೆ ಸಿಕ್ಕರೆ ಅದರ ಹೊಟ್ಟೆ ನಡೆಯುತ್ತದೆ. ಹಾಗೆಂದು ಅದರಿಂದ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. 2022ರ ಕೊನೆ ಮತ್ತು 2023ರ ಮೊದಲಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಮನೆಯವರನ್ನು ಕಳೆದುಕೊಂಡವರ ದುಃಖವನ್ನು ಯಾವ ಅಂಕಿಅಂಶವೂ ಹಗುರ ಮಾಡದು. ಅದಕ್ಕೇ ಈ ಎಚ್ಚರಗಳು ಬೇಕು. ಸಂಜೆಯಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಕತ್ತಲಲ್ಲಿ ನಡೆಯುವಾಗ ಟಾರ್ಚು ಇರಲಿ, ಮೊಬೈಲಿನಲ್ಲಿ ಹಾಡೋ ಮಾತೋ ಜೋರಾಗಿ ಕೇಳುತ್ತಿರಲಿ. ಬಾಗಿ ಕೂತ ಮನುಷ್ಯ ಅದರ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಂಡಾನು, ಎದ್ದುನಿಂತವನ ತಂಟೆಗೆ ಅದು ಬರುವುದು ಅಪರೂಪ. ಎದುರಾದರೆ ಬೆನ್ನು ತೋರಿಸಿ ಓಡದೆ, ಕೈ ಮೇಲೆತ್ತಿ, ಗಟ್ಟಿ ದನಿಯಲ್ಲಿ ಕೂಗುತ್ತ ಹಿಂದೆ ಸರಿಯಬೇಕು. ಕಬ್ಬು ಕಡಿಯುವಾಗ ಮರಿಗಳು ಸಿಕ್ಕರೆ ಎತ್ತಿಕೊಂಡು ಹೋಗಬಾರದು. ಇದ್ದ ಜಾಗದಲ್ಲೇ ಬಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ ದೂರ ಸರಿದರೆ ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಮರಿ ಕಳೆದುಕೊಂಡ ತಾಯಿ ಆ ಗದ್ದೆಯ ಸುತ್ತಲೇ ತಿರುಗುತ್ತ ಉಳಿದರೆ ಊರಿಗೇ ಗಂಡಾಂತರ.

ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರಾಣಿ ಎದುರಾದದ್ದು ಅನಾಹುತವಾಗುವುದು ಬಹಳ ಸಲ ಜನಜಂಗುಳಿಯಿಂದ. 2016ರ ಫೆಬ್ರವರಿ 7, ಭಾನುವಾರ, ಬೆಂಗಳೂರಿನ ಪೂರ್ವದ ಬಡಾವಣೆಯೊಂದರ ಶಾಲೆಗೆ ಚಿರತೆ ನುಗ್ಗಿತು. ರಜೆಯಾದ್ದರಿಂದ ಮಕ್ಕಳಿರಲಿಲ್ಲ. ಸುದ್ದಿ ಹಬ್ಬಿ ಜನ ನೆರೆದರು. ಚಿರತೆಯನ್ನು ಹಿಡಿಯುವ ಪ್ರಯತ್ನದಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಸೇರಿದಂತೆ ಹಲವರು ಗಾಯಗೊಂಡರು. ರಾತ್ರಿಯ ಹೊತ್ತಿಗೆ ಅರಿವಳಿಕೆ ಕೊಟ್ಟು ಅದನ್ನು ಹಿಡಿಯಲಾಯಿತು. ಊರೊಳಗೆ ದಾರಿ ತಪ್ಪಿ ಬಂದ ಚಿರತೆಗೆ ಬೇಕಾಗಿರುವುದು ಕತ್ತಲಾಗುವ ತನಕ ಅಡಗಲು ಒಂದು ಮೂಲೆ, ಆಮೇಲೆ ಹೊರಗೆ ಹೋಗಲು ಒಂದು ದಾರಿ. ಮಹಡಿಯ ಮೇಲೆ, ಮರದ ಮೇಲೆ, ಗೋಡೆಯ ಸುತ್ತ ಜನ ಮುತ್ತಿಕೊಂಡು ಕೂಗಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ದಾರಿ ಕಾಣದ ಪ್ರಾಣಿ ಜನರ ಮೇಲೇ ಎರಗುತ್ತದೆ. ನಿಮ್ಮ ಊರಿಗೆ ಹಾಗೆ ಪ್ರಾಣಿ ಬಂದರೆ ಬಾಗಿಲು ಹಾಕಿಕೊಂಡು ಒಳಗಿರಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ನೋಡಲು ಹೊರಟ ಮಕ್ಕಳನ್ನು ಗದರಿಸಿ ಒಳಗೆ ಕರೆದುಕೊಳ್ಳಿ. ಆ ಹೊತ್ತಿನಲ್ಲಿ ನಾವು ಮಾಡಬಹುದಾದ ಅತಿ ದೊಡ್ಡ ಉಪಕಾರ ಅದೇ.

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವ ಭೇಟಿಯ ಮಾತು ಇನ್ನೂ ಉಳಿದಿದೆ. ಅದು ಹಾವಿನದು. 2000ದಿಂದ 2019ರ ತನಕ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರ ಅಂದಾಜು. ಇವರಲ್ಲಿ ಬಹುಪಾಲು ಹಳ್ಳಿಯವರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರಿಂದಲೇ ಹೆಚ್ಚಿನ ಸಾವು. ಇಲ್ಲಿಯೂ ಕಾರಣ ಅದೇ, ಕಾಣದೆ ತುಳಿಯುವುದು, ನೋಡದೆ ಕೈ ಹಾಕುವುದು. ರಾತ್ರಿ ಗದ್ದೆಗೆ ಹೋಗುವಾಗ ಗಂಬೂಟು ಮತ್ತು ಟಾರ್ಚು, ಹುಲ್ಲಿನ ಮೆದೆಗೆ, ಸೌದೆ ರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಒಮ್ಮೆ ಅಲುಗಾಡಿಸುವುದು, ನೆಲದ ಮೇಲೆ ಮಲಗುವವರಿಗೆ ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ. ಹೆಚ್ಚು ಖರ್ಚಿಲ್ಲದ ಈ ನಾಲ್ಕು ಅಭ್ಯಾಸಗಳು ಎಷ್ಟೋ ಮನೆಗಳ ದೀಪ ಆರದಂತೆ ಕಾಯಬಲ್ಲವು. ಕಟ್ಟುಹಾವು ರಾತ್ರಿ ಮಲಗಿದವರನ್ನೇ ಕಚ್ಚುವುದು ಹೆಚ್ಚು, ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ. ಕಚ್ಚಿದ ಮೇಲೆ ಗಾಯ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇರಿಸಿ, 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಜನರಿಗೆ ಕಚ್ಚುತ್ತದೆ ಎಂಬ ಲೆಕ್ಕ ಸಿಕ್ಕರೆ ಔಷಧಿಯನ್ನು ಅಲ್ಲಿಗೆ ಮೊದಲೇ ತಲುಪಿಸಬಹುದು.

ಕಾಡಂಚಿನ ಹಿರಿಯರ ನಡಿಗೆಯನ್ನು ಗಮನಿಸಿದ್ದೀರಾ? ತಿರುವು ಬಂದಾಗ ಒಮ್ಮೆ ಕೆಮ್ಮುತ್ತಾರೆ. ಕೋಲನ್ನು ನೆಲಕ್ಕೆ ಕುಟ್ಟುತ್ತಾರೆ. ಮುಸುವ ಕೂಗಿದರೆ, ಕಡವೆ ಎಚ್ಚರದ ದನಿ ಕೊಟ್ಟರೆ ನಿಂತು ಆಲಿಸುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡುತ್ತಾರೆ. ನಾನು ಬರುತ್ತಿದ್ದೇನೆ ಎಂದು ಕಾಡಿಗೆ ತಿಳಿಸುವುದು, ಕಾಡಿನಲ್ಲಿ ಯಾರು ಬರುತ್ತಿದ್ದಾರೆ ಎಂದು ತಾವು ತಿಳಿಯುವುದು, ಈ ಎರಡನ್ನೂ ಅವರು ನಡೆಯುತ್ತಲೇ ಮಾಡುತ್ತಾರೆ. ಮೊಬೈಲಿನ ಸಂದೇಶವೂ ಕಂಬದ ಕೆಂಪು ದೀಪವೂ ಅದೇ ಅರಿವಿನ ಹೊಸ ರೂಪ.

ಆದರೆ ಎಚ್ಚರದ ಹೊರೆಯೆಲ್ಲ ನಡೆದು ಹೋಗುವ ಬಡವನ ತಲೆಯ ಮೇಲೆಯೇ ಬೀಳುವುದು ನ್ಯಾಯವಲ್ಲ. ಮನೆಯಲ್ಲಿ ನೀರಿರುವ ಶೌಚಾಲಯವಿದ್ದರೆ ಮುಂಜಾನೆ ಕರಡಿಗೆ ಎದುರಾಗುವ ಪ್ರಸಂಗವೇ ಬಾರದು. ಕಾಡಂಚಿನ ರೈತರ ಪಂಪ್‌ಸೆಟ್ಟಿಗೆ ಹಗಲಿನಲ್ಲಿ ಕರೆಂಟು ಕೊಟ್ಟರೆ ಅವರು ನಟ್ಟಿರುಳಲ್ಲಿ ಗದ್ದೆಗೆ ಹೋಗಬೇಕಿಲ್ಲ. ಶಾಲೆಯ ಮಕ್ಕಳಿಗೆ ವಾಹನವಿದ್ದರೆ, ಕೊನೆಯ ಬಸ್ಸು ಲೈನ್ ಮನೆಗಳ ತನಕ ಬಂದರೆ, ಬಸ್ ನಿಲ್ದಾಣದ ದೀಪ ಉರಿಯುತ್ತಿದ್ದರೆ, ತೋಟದ ಕೆಲಸ ಬೆಳಕು ಹರಿದ ಮೇಲೆ ಶುರುವಾದರೆ, ಎಷ್ಟೋ ಮುಖಾಮುಖಿಗಳು ನಡೆಯುವುದೇ ಇಲ್ಲ. ಇವೆಲ್ಲ ಪಂಚಾಯಿತಿ, ವಿದ್ಯುತ್ ಕಂಪನಿ, ಸಾರಿಗೆ ಸಂಸ್ಥೆ, ತೋಟದ ಮಾಲೀಕರು ಮಾಡಬಹುದಾದ ಕೆಲಸಗಳು. ವನ್ಯಜೀವಿಗಳ ರಕ್ಷಣೆ ಎಂದರೆ ಅರಣ್ಯ ಇಲಾಖೆಯೊಂದರ ಕೆಲಸವೆಂದು ಉಳಿದವರು ಕೈಕಟ್ಟಿ ಕೂರುವಂತಿಲ್ಲ.

ಕೇಳುಗ ಬಂಧುಗಳೇ, ನೀವು ಕಾಡಂಚಿನ ಊರಿನವರಾಗಿದ್ದರೆ ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ. ಆನೆ ಬಂದ ಸುದ್ದಿ ಮೊಬೈಲ್ ಇಲ್ಲದ ಮನೆಗೆ ಯಾರು ತಲುಪಿಸುತ್ತಾರೆ? ಶೌಚಾಲಯವಿಲ್ಲದ ಮನೆಗಳು ಎಷ್ಟು? ಪಂಪ್‌ಸೆಟ್ಟಿಗೆ ಹಗಲು ಕರೆಂಟು ಯಾವಾಗ? ಹಾವು ಕಡಿತಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು? ಉತ್ತರ ಸಿಗುವ ತನಕ ಬಿಡಬೇಡಿ. ನೀವು ಪಟ್ಟಣದವರಾಗಿದ್ದರೆ, ನೀವು ಕುಡಿಯುವ ಕಾಫಿಯನ್ನು ಕಿತ್ತವರು ಈ ಪ್ರಶ್ನೆಗಳನ್ನು ಕೇಳುವಾಗ ಅವರ ಪರವಾಗಿ ದನಿಗೂಡಿಸಿ.